ಟೆಕ್ಸಸ್ ಹೃದಯಬಡಿತ ಕಾಯ್ದೆ

ಅಮೆರಿಕದ ಟೆಕ್ಸಸ್ ರಾಜ್ಯದ ಗರ್ಭಪಾತ ನಿರ್ಬಂಧ ಕಾನೂನು. ಸೆನೆಟ್ ಮಸೂದೆ 8 ಎಂದೂ ಪರಿಚಿತ. ಜಾರಿ: 2021ರ ಸೆಪ್ಟೆಂಬರ್ 1. ಭ್ರೂಣದಲ್ಲಿ ಹೃದಯದ ಚಟುವಟಿಕೆ ಕಂಡ ಮೇಲೆ, ಎಂದರೆ ಬಸಿರಿನ ಸುಮಾರು ಆರನೆಯ ವಾರದಿಂದ, ಗರ್ಭಪಾತವನ್ನು ನಿಷೇಧಿಸುತ್ತದೆ. ಆ ವೇಳೆಗೆ ಅನೇಕರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ವೈದ್ಯಕೀಯ ತುರ್ತಿಗೆ ವಿನಾಯಿತಿಯುಂಟು. ಅತ್ಯಾಚಾರದಿಂದಾದ ಗರ್ಭಕ್ಕೆ ಇಲ್ಲ. ಜಾರಿಯ ಹೊಣೆ ಅಧಿಕಾರಿಗಳದಲ್ಲ: ಗರ್ಭಪಾತ ಮಾಡಿದವರ ಅಥವಾ ಅದಕ್ಕೆ ನೆರವಾದವರ ಮೇಲೆ ಯಾವುದೇ ಖಾಸಗಿ ವ್ಯಕ್ತಿ ದಾವೆ ಹೂಡಿ, ಗೆದ್ದರೆ ಕನಿಷ್ಠ 10,000 ಡಾಲರ್ ಪಡೆಯಬಹುದು. ಹೀಗೆ ತಡೆಯಬೇಕಾದ ಜಾರಿ ಅಧಿಕಾರಿಯೇ ಇಲ್ಲದ್ದರಿಂದ ಕಾಯ್ದೆಗೆ ನ್ಯಾಯಾಲಯದಿಂದ ತಡೆಯಾಜ್ಞೆ ತರುವುದು ಕಷ್ಟವಾಯಿತು. ಅನೇಕ ಮಹಿಳೆಯರು ನೆರೆರಾಜ್ಯಗಳಿಗೆ ಹೋಗಬೇಕಾಯಿತು. ಪ್ರಯಾಣದ ಖರ್ಚು ಹೊಂದಿಸಲಾಗದ ಬಡವರಿಗೆ ಆ ದಾರಿಯೂ ಮುಚ್ಚಿತು. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್, ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದಿದ್ದ 1973ರ ರೋ ತೀರ್ಪನ್ನು ರದ್ದುಪಡಿಸಿತು. ಆಗಸ್ಟ್ 25ರಿಂದ ಟೆಕ್ಸಸ್‌ನಲ್ಲಿ ಬಹುತೇಕ ಪೂರ್ಣ ನಿಷೇಧ ಜಾರಿಗೆ ಬಂತು.