ಬೀಟಾ-ಕೆಟೆನಿನ್: ಕರುಳಿನ ಕ್ಯಾನ್ಸರಿನಲ್ಲಿ ಅದರ ನೆಲೆ

ಬೀಟಾ-ಕೆಟೆನಿನ್ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಹತ್ತಿರದ ನಂಟಿರುವ ಪ್ರೋಟೀನು. ಅದು ಎಷ್ಟಿದೆ ಎನ್ನುವುದಕ್ಕಿಂತ ಜೀವಕೋಶದ ಯಾವ ಭಾಗದಲ್ಲಿದೆ ಎನ್ನುವುದೇ ಇಲ್ಲಿ ಮುಖ್ಯ. ಕೋಶಪೊರೆಯಲ್ಲಿದ್ದಾಗ ಅಂಗಾಂಶವನ್ನು ಒಗ್ಗೂಡಿಸಿಡುವ ಈ ಪ್ರೋಟೀನೇ ಕೋಶಕೇಂದ್ರದಲ್ಲಿ ಶೇಖರವಾದಾಗ ಗಡ್ಡೆಯ ಬೆಳವಣಿಗೆಗೆ ನೆರವಾಗುತ್ತದೆ. ಆದ್ದರಿಂದ ಅದರ ನೆಲೆಯನ್ನು ನೋಡಿ ರೋಗದ ಮುಂದಿನ ಗತಿಯನ್ನು ಅಂದಾಜಿಸಬಹುದೇ ಎಂಬ ಸಂಶೋಧನೆ 1990ರ ದಶಕದಿಂದ ನಡೆದಿದೆ.

ಕೆಟೆನಿನ್ ಪ್ರೋಟೀನುಗಳನ್ನು ಮೊದಲು ವಿವರಿಸಿದ್ದು ಜರ್ಮನಿಯ ರಾಲ್ಫ್ ಕೆಮ್ಲರ್ ಅವರ ತಂಡ, 1989ರಲ್ಲಿ. ಬೀಟಾ-ಕೆಟೆನಿನ್‌ನಲ್ಲಿ 781 ಅಮೈನೊ ಆಮ್ಲಗಳಿವೆ. ಆರೋಗ್ಯವಂತ ಕರುಳಿನ ಒಳಪದರದಲ್ಲಿ ಅದು ಕೋಶಪೊರೆಯ ಒಳಬದಿಯಲ್ಲಿ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅಕ್ಕಪಕ್ಕದ ಕೋಶಗಳು ಬಿಡಿಬಿಡಿಯಾಗದಂತೆ ಹಿಡಿದಿರುತ್ತದೆ. ಕೋಶದ್ರವ್ಯದಲ್ಲಿ ಉಳಿದ ಹೆಚ್ಚುವರಿ ಭಾಗವನ್ನು ಎಪಿಸಿ, ಆಕ್ಸಿನ್, ಜಿಎಸ್‌ಕೆ-3 ಮುಂತಾದ ಪ್ರೋಟೀನುಗಳು ಸೇರಿ ಗುರುತುಹಾಕಿ ನಾಶಕ್ಕೆ ಕಳುಹಿಸುತ್ತವೆ. ವಿಂಟ್ ಎಂಬ ಸಂಕೇತ ಬಂದಾಗ ಮಾತ್ರ ಈ ನಾಶ ತಡೆಹಿಡಿಯಲ್ಪಡುತ್ತದೆ.

ಕರುಳಿನ ಕ್ಯಾನ್ಸರಿನಲ್ಲಿ ಕೆಡುವುದು ಈ ನಿಯಂತ್ರಣವೇ. 5ನೇ ವರ್ಣತಂತುವಿನಲ್ಲಿರುವ ಎಪಿಸಿ ಜೀನನ್ನು 1991ರಲ್ಲಿ ಗುರುತಿಸಲಾಯಿತು. ಕರುಳಿನ ತುಂಬ ನೂರಾರು ಪಾಲಿಪ್‌ಗಳು ಏಳುವ ಆನುವಂಶಿಕ ಕಾಯಿಲೆಗೆ ಕಾರಣ ಅದರ ದೋಷ. ವಂಶಪಾರಂಪರ್ಯವಲ್ಲದ ಕರುಳಿನ ಕ್ಯಾನ್ಸರುಗಳಲ್ಲೂ ಬಹುಪಾಲು ಅದೇ ಜೀನು ಕೆಟ್ಟಿರುತ್ತದೆ. ಆಗ ನಾಶವಾಗದೆ ಉಳಿದ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಸೇರಿ, ಟಿಸಿಎಫ್ ಪ್ರೋಟೀನುಗಳ ಜೊತೆಗೂಡಿ, ಕೋಶವಿಭಜನೆಗೆ ಚಾಲನೆ ಕೊಡುವ ಮಿಕ್, ಸೈಕ್ಲಿನ್ ಡಿ1 ಮುಂತಾದ ಜೀನುಗಳನ್ನು ಎಬ್ಬಿಸುತ್ತದೆ.

ಇಷ್ಟೇ ಆಗಿದ್ದರೆ ಎಪಿಸಿ ಕೆಟ್ಟ ಗಡ್ಡೆಯ ಪ್ರತಿ ಕೋಶದ ಕೇಂದ್ರದಲ್ಲೂ ಅದು ಕಾಣಬೇಕಿತ್ತು. ಹಾಗೆ ಕಾಣುವುದಿಲ್ಲ. ಜರ್ಮನಿಯ ಥಾಮಸ್ ಬ್ರಾಬ್ಲೆಟ್ಸ್ ಮತ್ತು ಥಾಮಸ್ ಕಿರ್ಖ್‌ನರ್ ಅವರ ತಂಡ ತೋರಿಸಿದಂತೆ, ಗಡ್ಡೆಯ ನಡುಭಾಗದ ಕೋಶಗಳಲ್ಲಿ ಬೀಟಾ-ಕೆಟೆನಿನ್ ಹೆಚ್ಚಾಗಿ ಪೊರೆಯಲ್ಲೂ ಕೋಶದ್ರವ್ಯದಲ್ಲೂ ಇರುತ್ತದೆ. ಸುತ್ತಲಿನ ಅಂಗಾಂಶದೊಳಕ್ಕೆ ಗಡ್ಡೆ ನುಗ್ಗುತ್ತಿರುವ ಅಂಚಿನಲ್ಲಿ ಮಾತ್ರ ಕೋಶಕೇಂದ್ರದಲ್ಲಿ ದಟ್ಟವಾಗಿರುತ್ತದೆ. ಇನ್ನೂ ಗಮನಾರ್ಹವಾದುದು 2001ರಲ್ಲಿ ಪ್ರಕಟವಾದ ಅವರ ಕೆಲಸ: ಬೇರೆ ಅಂಗಕ್ಕೆ ಹರಡಿ ಅಲ್ಲಿ ಬೆಳೆದ ಗಡ್ಡೆಯ ನಡುಭಾಗದಲ್ಲಿ ಪ್ರೋಟೀನು ಮತ್ತೆ ಕೇಂದ್ರದಿಂದ ಹೊರಗಿತ್ತು. ಅಂದರೆ ಜೀನಿನ ದೋಷ ಶಾಶ್ವತವಾದರೂ ಪ್ರೋಟೀನಿನ ನೆಲೆ ಶಾಶ್ವತವಲ್ಲ. ಸುತ್ತಲಿನ ಅಂಗಾಂಶದಿಂದ ಬರುವ ಸಂಕೇತಗಳೂ ಅದನ್ನು ತಿದ್ದುತ್ತವೆ.

ಪರೀಕ್ಷೆಗೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತೆಳು ಸೀಳುಗಳು ಸಾಕು. ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸಿದಾಗ ಸಾಮಾನ್ಯವಾಗಿ ಬೀಟಾ-ಕೆಟೆನಿನ್ ಇರುವಲ್ಲಿ ಕಂದು, ಉಳಿದ ಕೋಶಕೇಂದ್ರಗಳಲ್ಲಿ ನೀಲಿ ಕಾಣುತ್ತದೆ. ಕಷ್ಟವಿರುವುದು ಎಣಿಕೆಯಲ್ಲಿ. ಶೇಕಡ ಎಷ್ಟು ಕೋಶಗಳ ಕೇಂದ್ರ ಕಂದಾದರೆ ಫಲಿತಾಂಶ ಪಾಸಿಟಿವ್ ಎನ್ನಬೇಕು ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಕೇಂದ್ರದಲ್ಲಿ ಬೀಟಾ-ಕೆಟೆನಿನ್ ಇದ್ದವರ ಬದುಕುಳಿಯುವ ಅವಧಿ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಅಂಥ ಸಂಬಂಧವೇ ಕಾಣದ ಅಧ್ಯಯನಗಳೂ ಇವೆ. ಗಡ್ಡೆಯ ಯಾವುದೋ ಒಂದು ಮೂಲೆಯಿಂದ ತೆಗೆದ ಸಣ್ಣ ಚೂರಿನಲ್ಲಿ ನುಗ್ಗುವ ಅಂಚೇ ಇಲ್ಲದಿರಬಹುದು. ಅಂಥ ಚೂರಿನ ನೆಗೆಟಿವ್ ಫಲಿತಾಂಶಕ್ಕೆ ಹೆಚ್ಚು ಬೆಲೆ ಕೊಡಲಾಗದು.

ಅದೇ ಅಂಚಿನಲ್ಲಿ ಒಂಟಿಯಾಗಿ ಅಥವಾ ನಾಲ್ಕರವರೆಗಿನ ಗುಂಪಾಗಿ ಕಳಚಿಕೊಳ್ಳುವ ಕ್ಯಾನ್ಸರ್ ಕೋಶಗಳಿಗೆ ಟ್ಯೂಮರ್ ಬಡ್ಡಿಂಗ್ ಎನ್ನುತ್ತಾರೆ. ಇವುಗಳಲ್ಲೂ ಕೇಂದ್ರದ ಬೀಟಾ-ಕೆಟೆನಿನ್ ಹೆಚ್ಚಾಗಿ ಸಿಗುತ್ತದೆ. ಬಡ್ಡಿಂಗ್ ಎಣಿಸುವ ಏಕರೂಪದ ಕ್ರಮವನ್ನು 2016ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಅಂತರರಾಷ್ಟ್ರೀಯ ಸಭೆ ಒಪ್ಪಿಕೊಂಡಿತು: 0.785 ಚದರ ಮಿಲಿಮೀಟರಿನಲ್ಲಿ 0–4 ಕಡಿಮೆ, 5–9 ಮಧ್ಯಮ, 10 ಮತ್ತು ಮೇಲ್ಪಟ್ಟು ಹೆಚ್ಚು. ಗಡ್ಡೆಯ ಪರೀಕ್ಷಾ ವರದಿಗಳಲ್ಲಿ ಬಡ್ಡಿಂಗ್ ಸ್ಥಾನ ಪಡೆದದ್ದಕ್ಕೆ ಇಂಥ ಒಪ್ಪಿತ ಎಣಿಕೆಯೇ ದೊಡ್ಡ ಕಾರಣ. ಬೀಟಾ-ಕೆಟೆನಿನ್‌ಗೂ ಮೊದಲು ಬೇಕಿರುವುದು ಅದೇ.

ಸದ್ಯ ಕರುಳಿನ ಕ್ಯಾನ್ಸರಿನ ಚಿಕಿತ್ಸೆ ನಿರ್ಧಾರವಾಗುವುದು ಗಡ್ಡೆ ಎಷ್ಟು ಆಳಕ್ಕಿಳಿದಿದೆ, ದುಗ್ಧಗ್ರಂಥಿಗಳಿಗೆ ಅಥವಾ ದೂರದ ಅಂಗಗಳಿಗೆ ಹರಡಿದೆಯೇ, ಡಿಎನ್‌ಎ ತಪ್ಪು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2 ಮುಂತಾದ ಪ್ರೋಟೀನುಗಳು ಕೋಶಕೇಂದ್ರದಲ್ಲಿ ಉಳಿದಿವೆಯೇ ಎಂಬುದರ ಮೇಲೆ. ಬೀಟಾ-ಕೆಟೆನಿನ್‌ನ ನೆಲೆಯೊಂದನ್ನೇ ಆಧರಿಸಿ ಕೀಮೋಥೆರಪಿ ಕೊಡುವುದೂ ಇಲ್ಲ, ಕೈಬಿಡುವುದೂ ಇಲ್ಲ.