ವಲಸೆಯ ಐತಿಹ್ಯ ಮತ್ತು ವಿಮಾನ ನಿಲ್ದಾಣ: ದೇವನಹಳ್ಳಿ ಪರಿಸರದ ಒಂದು ಅವಲೋಕನ

ಬೆಂಗಳೂರಿನ ವಿಮಾನಯಾನದ ಚರಿತ್ರೆಯನ್ನು ಸಾಮಾನ್ಯವಾಗಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಆರಂಭಿಸಲಾಗುತ್ತದೆ. ಆ ಕಾರ್ಖಾನೆಯ ರನ್‌ವೇ ದಶಕಗಳ ಕಾಲ ನಾಗರಿಕ ವಿಮಾನಗಳಿಗೂ ಒದಗಿತು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ಅಂತರರಾಷ್ಟ್ರೀಯ ನಿಲ್ದಾಣ ಕಾರ್ಯಾರಂಭ ಮಾಡಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನಿಡಲಾಯಿತು. ಈ ನಾಮಕರಣವನ್ನು ನಗರ ನಿರ್ಮಾತೃವಿಗೆ ಸಲ್ಲಿಸಿದ ಗೌರವವೆಂದಷ್ಟೇ ಭಾವಿಸುವುದುಂಟು. ಆದರೆ ಆ ಹೆಸರಿಗೂ ಈ ನೆಲಕ್ಕೂ ಇನ್ನೂ ಹಳೆಯ ಸಂಬಂಧವಿದೆ.

ಮೊರಸು ಒಕ್ಕಲಿಗರ ಐತಿಹ್ಯದ ಪ್ರಕಾರ, ಕಂಚಿಯ ಸಮೀಪದ ಆಲೂರಿನಲ್ಲಿದ್ದ ರಣಭೈರೇಗೌಡ ಮತ್ತು ಆತನ ಸಹೋದರರು, ಮನೆಯ ಹೆಣ್ಣುಮಗಳನ್ನು ಬಲವಂತವಾಗಿ ವರಿಸಬಯಸಿದ ಬಲಿಷ್ಠನೊಬ್ಬನಿಗೆ ಅಂಜಿ ಬಂಡಿಗಳನ್ನು ಕಟ್ಟಿಕೊಂಡು ಹೊರಟರು. ತುಂಬಿದ ಹೊಳೆ ಅವರಿಗೆ ದಾರಿ ಬಿಟ್ಟಿತು. ಕೊನೆಗೆ ಅವರು ದೇವನಹಳ್ಳಿಯ ಉತ್ತರಕ್ಕಿರುವ ಆವತಿಯಲ್ಲಿ ನೆಲೆನಿಂತರು. ಹೊಳೆ ದಾರಿ ಬಿಡುವ ಆಶಯ ಅನೇಕ ಸಮುದಾಯಗಳ ವಲಸೆಯ ಕಥನಗಳಲ್ಲಿ ಕಂಡುಬರುವುದರಿಂದ ಇದನ್ನು ಯಥಾವತ್ತಾಗಿ ಚರಿತ್ರೆಯೆಂದು ಸ್ವೀಕರಿಸಲಾಗದು. ಆದರೂ ಒಂದು ಸಮುದಾಯ ತನ್ನ ಮೂಲವನ್ನು ನೆನೆಯುವ ಕ್ರಮವಾಗಿ ಇದರ ಮಹತ್ತ್ವ ದೊಡ್ಡದು.

ಆವತಿಯ ಮನೆತನದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಇದೇ ಮೂಲದ ಇನ್ನೊಂದು ಶಾಖೆ ಯಲಹಂಕದಲ್ಲಿ ಆಳಿತು. ಆ ಶಾಖೆಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆಗೆ ಅಡಿಪಾಯ ಹಾಕಿದನು. ಹೀಗೆ ಆವತಿಯಿಂದ ದೇವನಹಳ್ಳಿ, ಯಲಹಂಕಗಳ ಮೂಲಕ ಬೆಂಗಳೂರಿನವರೆಗೆ ಈ ಮನೆತನಗಳ ನೆಲೆಗಳು ಸಾಲಾಗಿ ಹಬ್ಬಿವೆ. ಇಂದಿನ 44ನೆಯ ರಾಷ್ಟ್ರೀಯ ಹೆದ್ದಾರಿ ಬಹುಮಟ್ಟಿಗೆ ಇದೇ ಜಾಡಿನಲ್ಲಿದೆ. ಬೆಂಗಳೂರಿನಿಂದ ನಿಲ್ದಾಣಕ್ಕೆ ತೆರಳುವ ಪ್ರಯಾಣಿಕ ತನಗರಿವಿಲ್ಲದೆಯೇ ಆ ಹಳೆಯ ಪಯಣವನ್ನು ಹಿಮ್ಮುಖವಾಗಿ ಕ್ರಮಿಸುತ್ತಾನೆ.

ನಿಲ್ದಾಣದ ಸಂಪರ್ಕಜಾಲವೂ ಕ್ರಮೇಣ ವಿಸ್ತರಿಸಿತು. ನಗರದ ಬಡಾವಣೆಗಳಿಂದ ವಾಯುವಜ್ರ ಬಸ್ಸುಗಳು ಸಂಚರಿಸತೊಡಗಿದವು. 2019ರಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂದಿತು. 2021ರ ಜನವರಿಯಲ್ಲಿ ಸಮೀಪದ ರೈಲು ತಂಗುದಾಣ ತೆರೆಯಿತು. ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಹಾರಿತು. 2022ರ ನವೆಂಬರ್ 11ರಂದು ಬಿದಿರಿನ ಒಳಾಲಂಕಾರದ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು.

ಅಂದೇ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆಯೂ ಅನಾವರಣಗೊಂಡಿತು. ಇದಕ್ಕಾಗಿ ನಾಡಿನ ಊರೂರುಗಳಿಂದ ಮೃತ್ತಿಕೆಯನ್ನು ಸಂಗ್ರಹಿಸಲಾಗಿತ್ತು. ಮದುವೆಗೆ ಹುತ್ತದ ಮಣ್ಣು ತರುವ, ಮೂಲ ನೆಲೆಯ ಹಿಡಿ ಮಣ್ಣಿನಿಂದ ದೇವರನ್ನು ಹೊಸ ಊರಿನಲ್ಲಿ ನೆಲೆಗೊಳಿಸುವ ಜನಪದ ಆಚರಣೆಗಳ ಹಿನ್ನೆಲೆಯಲ್ಲಿ ಇದು ಗಮನಾರ್ಹ ಸಂಗತಿ. ಹಳೆಯ ಆಚರಣೆಯೊಂದು ಇಲ್ಲಿ ಪ್ರಭುತ್ವದ ಸಮಾರಂಭವಾಗಿ ರೂಪಾಂತರಗೊಂಡಿದೆ.

ಆದರೆ ಸುಮಾರು 4,000 ಎಕರೆ ವ್ಯಾಪ್ತಿಯ ಈ ನಿಲ್ದಾಣದ ಅಡಿಯಲ್ಲಿಯೂ ಮಣ್ಣಿದೆ. ಅದು ಒಕ್ಕಲುಗಳ ಹೊಲವಾಗಿತ್ತು, ಕಾಲುದಾರಿಯಾಗಿತ್ತು. ಸಾಲುಸಾಲು ಹೊಲಗಳಿಗಿದ್ದ ಹೆಸರುಗಳು ಉತ್ತವರ ನಾಲಗೆಯ ಮೇಲೆ ಉಳಿದಿರುವಷ್ಟು ಕಾಲ ಮಾತ್ರ ಬಾಳುತ್ತವೆ. ಹೊರಗಿನಿಂದ ತಂದ ಮಣ್ಣಿಗೆ ಸಂದ ಮನ್ನಣೆ ಈ ಮಣ್ಣಿನ ನೆನಪಿಗೂ ಸಲ್ಲಬೇಕಾದರೆ, ಹಿರಿಯರಿರುವಾಗಲೇ ಆ ಸ್ಥಳನಾಮಗಳ ಕ್ಷೇತ್ರಕಾರ್ಯ ನಡೆಯಬೇಕು. ವಲಸೆ ಬಂದವರ ಕಥೆಯನ್ನು ಶತಮಾನಗಳ ಕಾಲ ಉಳಿಸಿಕೊಂಡ ನೆಲ, ನೆಲ ಬಿಟ್ಟುಕೊಟ್ಟವರ ಕಥೆಯನ್ನು ಕಳೆದುಕೊಳ್ಳಬಾರದು.