ಮೈಸೂರು ವೀಣಾ ಶೈಲಿಯ ಕಿರು ವಾದ್ಯರಚನೆಗಳು

ಮೈಸೂರು ವೀಣಾ ಶೈಲಿಯ ಕಿರು ವಾದ್ಯರಚನೆಗಳು ಎಂದರೆ ಮೈಸೂರಿನ ವೈಣಿಕ ಪರಂಪರೆಯಲ್ಲಿ ಸರಸ್ವತಿ ವೀಣೆಯ ಏಕವಾದನಕ್ಕಾಗಿ ಕಲಿಸಲಾಗುವ, ಸಾಹಿತ್ಯವಿಲ್ಲದ ಅಥವಾ ಸಾಹಿತ್ಯಕ್ಕೆ ಗೌಣಸ್ಥಾನವಿರುವ ಚಿಕ್ಕ ರಚನೆಗಳು. ಜತಿಸ್ವರ, ತಾನವರ್ಣ, ತಿಲ್ಲಾನ ಮತ್ತು ನಗ್ಮಾ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕ ಸಂಗೀತದ ಬಹುಪಾಲು ಕೃತಿಗಳು ಹಾಡುವುದಕ್ಕಾಗಿ ರಚಿತವಾದವು. ವಾದ್ಯಗಾರರು ಅವುಗಳನ್ನೇ ನುಡಿಸುತ್ತಾರೆ. ಮೇಲಿನ ರಚನೆಗಳಲ್ಲಾದರೋ ಮಾತಿನ ಆಸರೆ ಕಡಿಮೆ ಅಥವಾ ಇಲ್ಲ. ಆದ್ದರಿಂದ ಮೀಟು, ಗಮಕ ಮತ್ತು ಲಯಗಳೇ ಕೇಳುಗನಿಗೆ ಅರ್ಥವನ್ನು ಒದಗಿಸಬೇಕಾಗುತ್ತದೆ. ಈ ಕಾರಣದಿಂದ ವಿದ್ಯಾರ್ಥಿಯ ಕೈಯನ್ನು ಹದಗೊಳಿಸುವಲ್ಲಿ ಇವುಗಳಿಗೆ ವಿಶೇಷ ಸ್ಥಾನವಿದೆ.

## ಹಿನ್ನೆಲೆ

ಮೈಸೂರು ಅರಮನೆಯ ಆಶ್ರಯದಲ್ಲಿ ಹಲವು ತಲೆಮಾರುಗಳ ವೈಣಿಕರು ಬಾಳಿದರು. ಅವರಲ್ಲಿ ಅಗ್ರಗಣ್ಯರಾದವರು ವೀಣೆ ಶೇಷಣ್ಣ (1852–1926). ಇವರು ಭೈರವಿ ರಾಗದ ಪ್ರಸಿದ್ಧ ಅಟತಾಳ ವರ್ಣವನ್ನು ರಚಿಸಿದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ವಂಶಸ್ಥರು. ತಂದೆ ಚಿಕ್ಕರಾಮಪ್ಪನವರೂ ಆಸ್ಥಾನ ವೈಣಿಕರಾಗಿದ್ದರು. ಶೇಷಣ್ಣನವರು ವೀಣೆಯಲ್ಲದೆ ಇತರ ವಾದ್ಯಗಳನ್ನೂ ನುಡಿಸಬಲ್ಲವರಾಗಿದ್ದರು ಹಾಗೂ ಸ್ವರಜತಿ, ವರ್ಣ, ಕೃತಿ ಮತ್ತು ತಿಲ್ಲಾನಗಳನ್ನು ರಚಿಸಿದರು. 'ವೈಣಿಕ ಶಿಖಾಮಣಿ' ಎಂಬ ಬಿರುದು ಅವರಿಗೆ ಸಂದಿತ್ತು.

ಶೇಷಣ್ಣನವರ ಶಿಷ್ಯರಲ್ಲಿ ವೀಣೆ ವೆಂಕಟಗಿರಿಯಪ್ಪ ಪ್ರಮುಖರು. ವೆಂಕಟಗಿರಿಯಪ್ಪನವರ ಶಿಷ್ಯರಾದ ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಈ ಶೈಲಿಯನ್ನು ಕಚೇರಿ ಮತ್ತು ಆಕಾಶವಾಣಿಗಳ ಮೂಲಕ ನಾಡಿನಾಚೆಗೂ ಕೊಂಡೊಯ್ದರು. ಅವರಿಗೆ 1983ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ 1984ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದೂ ದೊರೆತವು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಹಲವು ಬಗೆಯ ಸಂಗೀತಗಳು ಒಂದೇ ಅಂಗಳದಲ್ಲಿ ಕೇಳಿಬರುತ್ತಿದ್ದವು. ಅಬ್ದುಲ್ ಕರೀಂ ಖಾನ್, ಫಯಾಜ್ ಖಾನರಂತಹ ಹಿಂದೂಸ್ತಾನಿ ಗಾಯಕರು ಆಸ್ಥಾನಕ್ಕೆ ಬಂದು ಹಾಡುತ್ತಿದ್ದರು. ಅರಮನೆಗೆ ತನ್ನದೇ ಆದ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಸಾಹಿತ್ಯದ ಹಂಗಿಲ್ಲದೆ ವಾದ್ಯವೇ ಮುನ್ನಡೆಯುವ ರಚನೆಗಳಿಗೆ ಇಂತಹ ವಾತಾವರಣ ಅನುಕೂಲವಾಯಿತು.

## ವಾದ್ಯ ಮತ್ತು ಕೈಗಳ ಕೆಲಸ

ಸರಸ್ವತಿ ವೀಣೆಯಲ್ಲಿ 24 ಮೆಟ್ಟಿಲುಗಳಿದ್ದು, ಅವುಗಳನ್ನು ದಂಡಿಯ ಮೇಲೆ ಮೇಣದಲ್ಲಿ ಕೂರಿಸಲಾಗಿರುತ್ತದೆ. ಮೆಟ್ಟಿಲುಗಳ ಮೇಲೆ ಹಾಯುವ ತಂತಿಗಳು ನಾಲ್ಕು: ಸಾರಣಿ, ಪಂಚಮ, ಮಂದ್ರ ಮತ್ತು ಅನುಮಂದ್ರ. ಪಕ್ಕದಲ್ಲಿ ಮೂರು ತಾಳದ ತಂತಿಗಳಿದ್ದು, ಇವುಗಳನ್ನು ಷಡ್ಜ, ಪಂಚಮ ಮತ್ತು ತಾರಷಡ್ಜಗಳಿಗೆ ಶ್ರುತಿಗೊಳಿಸಲಾಗುತ್ತದೆ.

ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳು ಮುಖ್ಯ ತಂತಿಗಳನ್ನು ಮೀಟುತ್ತವೆ. ಕಿರುಬೆರಳು ತಾಳದ ತಂತಿಗಳನ್ನು ಮೇಲ್ಮುಖವಾಗಿ ತಟ್ಟುತ್ತದೆ. ಎಡಗೈಯ ಬೆರಳುಗಳು ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತುವುದಲ್ಲದೆ, ಅದನ್ನು ಪಕ್ಕಕ್ಕೆ ಎಳೆದು ಗಮಕವನ್ನು ಹೊರಡಿಸುತ್ತವೆ. ಹೀಗೆ ಒಬ್ಬನೇ ವಾದಕ ರಾಗ, ಶ್ರುತಿ ಮತ್ತು ತಾಳ ಮೂರನ್ನೂ ನಿರ್ವಹಿಸುತ್ತಾನೆ.

ಮೈಸೂರು ಶೈಲಿಯಲ್ಲಿ ಸ್ವರಗಳನ್ನು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಮೀಟುವುದಕ್ಕೆ ಪ್ರಾಶಸ್ತ್ಯವಿದೆ. ತಂತಿಯ ದೀರ್ಘ ಎಳೆತವನ್ನು ಮಿತವಾಗಿ ಬಳಸಲಾಗುತ್ತದೆ. ಎಡಗೈಯ ಎರಡು ಬೆರಳುಗಳನ್ನು ಜೋಡಿಸಿಡುವ ಬದಲು ಬಿಡಿಸಿಟ್ಟು, ಒಂದೊಂದನ್ನು ಒಂದೊಂದು ಮೆಟ್ಟಿಲಿನ ಮೇಲೆ ಸ್ವತಂತ್ರವಾಗಿ ಆಡಿಸುವುದು ಈ ಶೈಲಿಯ ಮತ್ತೊಂದು ಲಕ್ಷಣ. ಗಾಯನವನ್ನು ಹೆಚ್ಚು ನಿಕಟವಾಗಿ ಅನುಸರಿಸುವ ತಂಜಾವೂರು ಶೈಲಿಯಿಂದ ಮೈಸೂರು ಶೈಲಿಯು ಬೇರೆಯಾಗಿ ತೋರುವುದು ಈ ಅಂಶಗಳಿಂದಲೇ.

## ರಚನಾ ಪ್ರಕಾರಗಳು

ಜತಿಸ್ವರ: ಪಲ್ಲವಿ ಮತ್ತು ಕೆಲವು ಚರಣಗಳುಳ್ಳ, ಸ್ವರಗಳಿಂದಲೇ ಕಟ್ಟಿದ ರಚನೆ. ಸಾಹಿತ್ಯವಿರುವುದಿಲ್ಲ. ಪ್ರತಿ ಚರಣದ ಬಳಿಕ ಪಲ್ಲವಿಗೆ ಹಿಂದಿರುಗಬೇಕಾದುದರಿಂದ, ತಾಳದಲ್ಲಿ ಸರಿಯಾದ ಸ್ಥಳವನ್ನು ಹಿಡಿಯುವ ಅಭ್ಯಾಸ ಇಲ್ಲಿ ಆಗುತ್ತದೆ.

ತಾನವರ್ಣ: ಪಲ್ಲವಿ, ಅನುಪಲ್ಲವಿ, ಮುಕ್ತಾಯಿ ಸ್ವರ, ಚರಣ ಮತ್ತು ಎತ್ತುಗಡೆ ಸ್ವರಗಳೆಂಬ ಅಂಗಗಳಿವೆ. ಸಾಹಿತ್ಯದ ಪದಗಳು ಕಡಿಮೆ. ಒಂದೊಂದು ಅಕ್ಷರವೂ ಹಲವು ಸ್ವರಗಳವರೆಗೆ ಚಾಚಿಕೊಳ್ಳುತ್ತದೆ. ರಾಗದ ವಿಶಿಷ್ಟ ಸಂಚಾರಗಳೆಲ್ಲ ಇದರಲ್ಲಿ ಅಡಕವಾಗಿರುತ್ತವೆ.

ತಿಲ್ಲಾನ: ಲಯಸೂಚಕ ಜತಿಗಳನ್ನು ಆಧರಿಸಿದ ಲವಲವಿಕೆಯ ರಚನೆ. ಶೇಷಣ್ಣನವರ ಝಿಂಝೋಟಿ ರಾಗದ ತಿಲ್ಲಾನ ಇಂದಿಗೂ ಜನಪ್ರಿಯವಾಗಿದೆ.

ನಗ್ಮಾ: ಹಿಂದೂಸ್ತಾನಿ ಪದ್ಧತಿಯಲ್ಲಿ ತಬಲಾ ವಾದನಕ್ಕೆ ಆಧಾರವಾಗಿ ಮತ್ತೆ ಮತ್ತೆ ನುಡಿಸುವ ಸ್ವರಪಂಕ್ತಿಗೆ ಈ ಹೆಸರಿದೆ. ಮೈಸೂರಿನಲ್ಲಿ ಇದೇ ಹೆಸರಿನ ಸಾಹಿತ್ಯರಹಿತ ವಾದ್ಯರಚನೆ ರೂಪುಗೊಂಡಿತು. ವೆಂಕಟಗಿರಿಯಪ್ಪನವರು ನಗ್ಮಾಗಳ ರಚನೆಗೆ ಹೆಸರಾದವರು. ಇದರ ಸೊಗಸು ಚುರುಕಾದ ನಡಿಗೆಯಲ್ಲಿಯೂ ಮೀಟುಗಳ ವೈವಿಧ್ಯದಲ್ಲಿಯೂ ಇದೆ.

ಇವುಗಳ ಜೊತೆಗೆ ತಾನವನ್ನೂ ಹೇಳಬೇಕು. ತಾನವು ನಿಶ್ಚಿತ ರಚನೆಯಲ್ಲ. ತಾಳದ ಕಟ್ಟಿಲ್ಲದಿದ್ದರೂ ಒಳಗೊಂದು ಲಯವುಳ್ಳ ಮನೋಧರ್ಮ ಪ್ರಕಾರ. ನಾಟ, ಗೌಳ, ಆರಭಿ, ವರಾಳಿ ಮತ್ತು ಶ್ರೀ ಎಂಬ ಘನಪಂಚಕ ರಾಗಗಳು ತಾನಕ್ಕೆ ಪ್ರಸಿದ್ಧ. ಕಿರು ರಚನೆಗಳಲ್ಲಿ ಪಳಗಿದ ಬಲಗೈ ತಾನದಲ್ಲಿ ತನ್ನ ಫಲವನ್ನು ಕಾಣುತ್ತದೆ.

## ಕಲಿಕೆಯ ಕ್ರಮ

ಆರಂಭದ ಪಾಠಗಳು ಗಾಯನದ ವಿದ್ಯಾರ್ಥಿಗೆ ಇರುವಂತೆಯೇ ಇರುತ್ತವೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ. ಬಳಿಕ ಸಪ್ತತಾಳಗಳ ಅಲಂಕಾರಗಳು. ಅನಂತರ ಪುರಂದರದಾಸರ ಹೆಸರಿನಲ್ಲಿರುವ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಪ್ರತಿಯೊಂದನ್ನೂ ಮೂರು ಕಾಲಗಳಲ್ಲಿ ಸಾಧನೆ ಮಾಡಬೇಕು. ವೀಣೆಯಲ್ಲಿ ಈ ಪಾಠಗಳಿಗೆ ಇನ್ನೊಂದು ಉದ್ದೇಶವೂ ಇದೆ: ಸರಳೆಯಲ್ಲಿ ಎರಡು ಕೈಗಳ ಹೊಂದಾಣಿಕೆ, ಜಂಟಿಯಲ್ಲಿ ಸ್ಫುರಿತ ಗಮಕ, ದಾಟುವಿನಲ್ಲಿ ಮೆಟ್ಟಿಲುಗಳ ನಡುವಣ ದೂರದ ಅಂದಾಜು ಸಾಧಿಸುತ್ತವೆ.

ರಚನೆಯೊಂದನ್ನು ಕಲಿಯುವಾಗ ಮೊದಲು ಅದರ ಸ್ವರಗಳನ್ನು ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕುವುದು ರೂಢಿ. ಬಳಿಕ ಒಂದೊಂದು ಆವರ್ತವನ್ನು ವಿಳಂಬವಾಗಿ ನುಡಿಸಿ ಗಟ್ಟಿಮಾಡಿಕೊಳ್ಳಲಾಗುತ್ತದೆ. ಆದಿತಾಳದ ಆವರ್ತಕ್ಕೆ 8 ಅಕ್ಷರಗಳಾದರೆ ಅಟತಾಳದ ವರ್ಣಗಳಲ್ಲಿ ಆವರ್ತಕ್ಕೆ 14 ಅಕ್ಷರಗಳಿರುತ್ತವೆ. ಕಿರುಬೆರಳಿನ ತಾಳದ ತಟ್ಟು ತಪ್ಪದೆ ನಡೆಯುತ್ತಿರುವಾಗ ಉಳಿದ ಬೆರಳುಗಳು ಎಡವದೆ ಸಾಗುವುದು ಕಲಿಕೆಯ ಕಠಿಣ ಘಟ್ಟ. ಒಂದನೇ ಕಾಲದಲ್ಲಿ ಇದು ಸಿದ್ಧಿಸಿದ ಮೇಲೆಯೇ ಎರಡನೇ ಕಾಲಕ್ಕೆ ಹೋಗುವುದು ಉಚಿತ.

### ಸ್ವರಲಿಪಿಯ ಮಿತಿ

ಕರ್ನಾಟಕ ಸಂಗೀತದ ಸ್ವರಲಿಪಿಯು ಯಾವ ಸ್ವರ, ಯಾವ ಸ್ಥಾಯಿ, ಎಷ್ಟು ಕಾಲ ಎಂಬುದನ್ನು ತಿಳಿಸುತ್ತದೆ. ಆದರೆ ಆ ಸ್ವರವನ್ನು ಯಾವ ತಂತಿಯಲ್ಲಿ, ಯಾವ ಬೆರಳಿನಿಂದ, ಮೀಟಿನಿಂದಲೋ ಎಳೆತದಿಂದಲೋ ಹೊರಡಿಸಬೇಕೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಉದಾಹರಣೆಗೆ, ಮಧ್ಯಷಡ್ಜವು ಸಾರಣಿಯ ಬಿಡಿತಂತಿಯಲ್ಲಿ ದೊರೆಯುತ್ತದೆ. ಪಂಚಮ ತಂತಿಯ 5ನೇ ಮೆಟ್ಟಿಲಿನಲ್ಲಿಯೂ ದೊರೆಯುತ್ತದೆ. ಬಿಡಿತಂತಿಯ ನಾದ ತೆರೆದದ್ದು, ಆದರೆ ಅದನ್ನು ಮೆಟ್ಟಿಲಿನ ಮೇಲೆ ಎಳೆಯಲಾಗದು. ಎರಡನೆಯದರಲ್ಲಿ ಗಮಕಕ್ಕೆ ಅವಕಾಶವಿದೆ. ಇವೆರಡರ ಆಯ್ಕೆಯಿಂದ ಒಂದೇ ಪಂಕ್ತಿಯ ಸ್ವರೂಪ ಬದಲಾಗುತ್ತದೆ. ಈ ತಿಳಿವು ಶಿಷ್ಯನು ಗುರುವಿನ ಎದುರು ಕುಳಿತು, ಕೈಯನ್ನು ನೋಡಿ ಪಡೆಯುವಂಥದು.

## ರ‍್ಯಾಗ್‌ಟೈಮ್ ಬ್ಲೂಸ್ ಗಿಟಾರಿನೊಂದಿಗೆ ಹೋಲಿಕೆ

ಒಬ್ಬನೇ ವಾದಕ ಒಂದು ಕೈಯ ಬೆರಳುಗಳಿಗೆ ಬೇರೆ ಬೇರೆ ಕೆಲಸ ಹಂಚುವ ಕ್ರಮ ಅನ್ಯ ಸಂಗೀತಗಳಲ್ಲಿಯೂ ಇದೆ. ಅಮೆರಿಕದ ಆಗ್ನೇಯ ಭಾಗದ ಕಪ್ಪು ಜನಾಂಗದ ವಾದಕರು ಬೆಳೆಸಿದ ರ‍್ಯಾಗ್‌ಟೈಮ್ ಬ್ಲೂಸ್ ಗಿಟಾರ್ ವಾದನ ಇದಕ್ಕೆ ಉತ್ತಮ ನಿದರ್ಶನ. ರ‍್ಯಾಗ್‌ಟೈಮ್ ಪಿಯಾನೊದಲ್ಲಿ ಎಡಗೈ ನಿರ್ವಹಿಸುವ ಮಂದ್ರಸ್ವರಗಳ ಸಮನಡಿಗೆಯನ್ನು ಗಿಟಾರಿನಲ್ಲಿ ಹೆಬ್ಬೆರಳು ವಹಿಸಿಕೊಳ್ಳುತ್ತದೆ. ಉಳಿದ ಬೆರಳುಗಳು ಎಡಪೆಟ್ಟಿನ ರಾಗಪಂಕ್ತಿಯನ್ನು ನುಡಿಸುತ್ತವೆ. 1926ರಿಂದ 1932ರವರೆಗೆ ಧ್ವನಿಮುದ್ರಿಕೆಗಳನ್ನು ನೀಡಿದ ಬ್ಲೈಂಡ್ ಬ್ಲೇಕ್ ಹಾಗೂ ಹೆಬ್ಬೆರಳು, ತೋರುಬೆರಳು ಎರಡರಿಂದಲೇ ನುಡಿಸುತ್ತಿದ್ದ ರೆವರೆಂಡ್ ಗ್ಯಾರಿ ಡೇವಿಸ್ (1896–1972) ಇದರ ಪ್ರಮುಖರು.

ಎರಡರಲ್ಲಿಯೂ ಆರಂಭಿಕನು ಎದುರಿಸುವ ತೊಡಕು ಒಂದೇ: ಲಯ ಹಿಡಿಯುವ ಬೆರಳು ರಾಗ ನುಡಿಸುವ ಬೆರಳಿನ ಹಿಂದೆ ಓಡದಂತೆ ತಡೆಯುವುದು. ಪರಿಹಾರವೂ ಒಂದೇ: ಚಿಕ್ಕ ರಚನೆಯನ್ನು ತುಂಡುತುಂಡಾಗಿ, ನಿಧಾನವಾಗಿ ಸಾಧಿಸುವುದು. ಆದರೆ ವ್ಯತ್ಯಾಸಗಳು ಮೂಲಭೂತವಾದವು. ಗಿಟಾರಿನ ಮಂದ್ರಸ್ವರಗಳು ಸ್ವರಮೇಳಗಳೊಂದಿಗೆ ಬದಲಾಗುತ್ತವೆ. ವೀಣೆಯ ತಾಳದ ತಂತಿಗಳು ಷಡ್ಜ-ಪಂಚಮಗಳಲ್ಲಿಯೇ ನೆಲೆನಿಲ್ಲುತ್ತವೆ. ಗಿಟಾರಿಗೆ ತಂತಿ ಮತ್ತು ಮೆಟ್ಟಿಲುಗಳ ಸಂಖ್ಯೆಯನ್ನೇ ಸೂಚಿಸುವ ಲಿಪಿಯೊಂದು ಬಳಕೆಯಲ್ಲಿದ್ದು, ಡೇವಿಸ್ ಅವರಂಥ ವಾದಕರಿಂದ ನೇರವಾಗಿ ಕಲಿತ ಶಿಷ್ಯರು ಅದರ ಮೂಲಕ ಆ ರಚನೆಗಳನ್ನು ಪುಸ್ತಕಗಳಿಗೆ ಇಳಿಸಿದರು.

## ಇಂದಿನ ಸ್ಥಿತಿ

ಮೈಸೂರಿನಲ್ಲಿ ವೀಣೆಯ ಶಿಕ್ಷಣವು ಗುರುಗಳ ಮನೆಯ ಪಾಠಗಳಲ್ಲಿಯೂ ಸಂಸ್ಥೆಗಳಲ್ಲಿಯೂ ನಡೆಯುತ್ತಿದೆ. ಜೂನಿಯರ್, ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಗಳು ರಾಜ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಮಜಲುಗಳು. ಸಂಗೀತಕ್ಕಾಗಿಯೇ ಸ್ಥಾಪಿತವಾದ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೇ ನಗರದಲ್ಲಿದೆ. ಕುವೆಂಪುನಗರದ ವೀಣೆ ಶೇಷಣ್ಣ ಭವನವು ಆ ವೈಣಿಕರ ಹೆಸರನ್ನು ಹೊತ್ತು ಕಚೇರಿಗಳಿಗೆ ವೇದಿಕೆಯಾಗಿದೆ.

ಕೃತಿಯೊಂದನ್ನು ವೈಣಿಕರು ಮರೆತರೂ ಗಾಯಕರು, ಪಿಟೀಲು ಮತ್ತು ಕೊಳಲು ವಾದಕರು ಅದನ್ನು ಉಳಿಸಿಕೊಳ್ಳಬಹುದು. ವರ್ಣ, ತಿಲ್ಲಾನಗಳಿಗೂ ಗಾಯನ ಮತ್ತು ನೃತ್ಯಗಳ ಬೆಂಬಲವಿದೆ. ನಗ್ಮಾದಂತಹ ಸಾಹಿತ್ಯರಹಿತ ರಚನೆಗೆ ಈ ಸೌಲಭ್ಯವಿಲ್ಲ. ಅದು ವೀಣೆ ನುಡಿಸುವವರ ಕೈಯಲ್ಲಿ ಮಾತ್ರ ಬದುಕಬಲ್ಲದು. ಸ್ವರಲಿಪಿಯಲ್ಲಿ ಬೆರಳುಗಾರಿಕೆ ದಾಖಲಾಗದಿರುವುದರಿಂದ, ಕಲಿತವರು ಇಲ್ಲವಾದರೆ ಪುಸ್ತಕದಲ್ಲಿ ಉಳಿದ ಸ್ವರಗಳಿಂದ ಅದರ ಮೂಲ ನಾದವನ್ನು ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟ. ಈ ದೃಷ್ಟಿಯಿಂದ ಹಳೆಯ ಧ್ವನಿಮುದ್ರಿಕೆಗಳು ಹಾಗೂ ಕೈಗಳ ಚಲನೆ ಕಾಣುವ ದೃಶ್ಯಮುದ್ರಿಕೆಗಳು ಪಾಠಕ್ಕೆ ಪೂರಕವಾದ ಆಕರಗಳಾಗಿವೆ.

## ಇವನ್ನೂ ನೋಡಿ

- ಸರಸ್ವತಿ ವೀಣೆ
- ವೀಣೆ ಶೇಷಣ್ಣ
- ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್
- ವರ್ಣ
- ತಿಲ್ಲಾನ